ಬರ್ಬೇಜ್ ಮೂರ್, ಬೋಲ್‌ಹಿಲ್ ಕ್ವಾರಿ ವಾಕ್: ನಾಯಿ ಇರೋರಿಗೆ ನಾಲ್ಕೂವರೆ ಸ್ಟಾರ್

ಶೆಫೀಲ್ಡ್, ಮ್ಯಾಂಚೆಸ್ಟರ್ ಕಡೆ ಇರೋ ನಮ್ಮವ್ರು ನಾಯಿ ಕರ್ಕೊಂಡು ಎಲ್ಲಿಗೆ ಹೋಗೋದು ಅಂತ ಕೇಳ್ತಾನೇ ಇರ್ತೀರ, ಅದಕ್ಕೆ ಬರೀತಿದೀನಿ. ಪೀಕ್ ಡಿಸ್ಟ್ರಿಕ್ಟ್ (ಆ ಕಡೆಯ ಗುಡ್ಡಗಾಡು ನ್ಯಾಷನಲ್ ಪಾರ್ಕ್) ಅಂದ್ರೆ ಎಲ್ರೂ ಮ್ಯಾಮ್ ಟಾರ್ ಗುಡ್ಡ ಹತ್ತಿ ಫೋಟೋ ಹಾಕ್ತಾರೆ, ವೀಕೆಂಡಲ್ಲಿ ಅಲ್ಲಿ ಕಾಲಿಡಕ್ಕೂ ಜಾಗ ಇರಲ್ಲ, ನಾಯಿಗೂ ತಲೆಕೆಡುತ್ತೆ ನಮಗೂ ತಲೆಕೆಡುತ್ತೆ. ಅದನ್ನ ಬಿಟ್ಟು ಗ್ರಿಂಡಲ್‌ಫರ್ಡ್ ಸ್ಟೇಷನ್ನಲ್ಲಿ ಇಳ್ಕೊಳ್ಳಿ. ಟ್ರೇನಲ್ಲಿ ಒಬ್ಬೊಬ್ಬರ ಜೊತೆ ಎರಡು ನಾಯಿ ತನಕ ಫ್ರೀ, ಲೀಶ್ ಇದ್ರೆ ಸಾಕು. ಶೆಫೀಲ್ಡ್ ಕಡೆಯಿಂದ ಬಂದ್ರೆ ಟಾಟ್ಲಿ ಟನಲ್ ದಾಟ್ಕೊಂಡು ಬರ್ತೀರ, ಮೂರೂವರೆ ಮೈಲಿ ಕತ್ತಲೆ, ಆಚೆ ಬಂದ ತಕ್ಷಣ ಸ್ಟೇಷನ್ನು. ನಮ್ಮ ನಾಯಿ ಬೆಲ್ಲ (ಅರ್ಧ ಕೋಲಿ ಜಾತಿ, ಇನ್ನರ್ಧ ಏನು ಅಂತ ದೇವರಿಗೇ ಗೊತ್ತು) ಕತ್ತಲೆ ಮುಗೀತಿದ್ದಂಗೆ ಬಾಗ್ಲ ಹತ್ರ ಹೋಗಿ ನಿಂತ್ಕೊಂಡ್ಬಿಡ್ತಾಳೆ.

ಸ್ಟೇಷನ್ನಿಂದ ಪ್ಯಾಡ್ಲಿ ಗಾರ್ಜ್ ಒಳಗೆ ಹತ್ತೋದು. ಓಕ್ ಕಾಡು, ಪಕ್ಕದಲ್ಲಿ ಬರ್ಬೇಜ್ ಬ್ರೂಕ್ ಹರೀತಿರುತ್ತೆ, ದಾರಿ ತುಂಬ ಬೇರು, ಪಾಚಿ ಹಿಡಿದ ಬಂಡೆ, ಮಳೆ ಬಂದಿದ್ರೆ ಜಾರುತ್ತೆ. ಮೇಲೆ ಹೋದ್ರೆ ಹೊಳೆ ಪಕ್ಕ ಬಯಲು, ಬೇಸಿಗೇಲಿ ಇಡೀ ಶೆಫೀಲ್ಡ್ ಮಕ್ಕಳು ಮರಿ ಸಮೇತ ಅಲ್ಲೇ ನೀರಾಡ್ತಿರುತ್ತೆ. ಅಲ್ಲಿ ನಿಲ್ಬೇಡಿ, ನಾಯಿ ಎಲ್ಲರ ಸ್ಯಾಂಡ್‌ವಿಚ್‌ಗೂ ಮೂಗು ಹಾಕುತ್ತೆ.

ರೋಡ್ ದಾಟಿದ್ರೆ ಬರ್ಬೇಜ್ ಕಣಿವೆ. ಇಲ್ಲಿಂದ ಮೂರ್, ಅಂದ್ರೆ ಬೋಳು ಬಯಲುಗುಡ್ಡ, ಶುರು. ಮರ ಇಲ್ಲ, ಗಾಳಿ ಜಾಸ್ತಿ, ಕಣ್ಣು ಹಾಯಿಸಿದಷ್ಟೂ ಹೆದರ್ ಗಿಡ. ಆಗಸ್ಟಲ್ಲಿ ಹೋದ್ರೆ ಪೂರ್ತಿ ನೇರಳೆ ಬಣ್ಣ, ಬೇರೆ ತಿಂಗಳಲ್ಲಿ ಹೋದ್ರೆ ಕಂದು, ಅಷ್ಟೇ, ನಿಜ ಹೇಳ್ತೀನಿ, ನಂಗೆ ಮೂರ್ ಅಷ್ಟೇನೂ ಹುಚ್ಚು ಹಿಡಿಸಿಲ್ಲ. ಆದ್ರೆ ಕಾರ್ಲ್ ವಾರ್ಕ್ ಅಂತ ಹಳೇ ಕಲ್ಲಿನ ಕೋಟೆ ಗುಡ್ಡ ಇದೆ, ಅದರ ಗೋಡೆ ಇನ್ನೂ ನಿಂತಿದೆ, ಅದು ನೋಡ್ಲೇಬೇಕು. ಎರಡನೇ ಮಹಾಯುದ್ಧದ ಟೈಮಲ್ಲಿ ಸೈನಿಕರು ಈ ಕಣಿವೇಲಿ ಟ್ರೇನಿಂಗ್ ಮಾಡ್ತಿದ್ರು, ಕೆಲವು ಬಂಡೆ ಮೇಲೆ ಗುಂಡು ಬಿದ್ದ ಗುಳಿ ಈಗ್ಲೂ ಕಾಣುತ್ತೆ, ಬೆರಳಿಟ್ಟು ನೋಡ್ಬೋದು. ಆಮೇಲೆ ಹಿಗರ್ ಟಾರ್, 434 ಮೀಟರ್. ಅದನ್ನ ಹತ್ತೋ ಕಡೆ ಎರಡು ಮೂರು ಜಾಗದಲ್ಲಿ ಬಂಡೆ ಮೇಲೆ ಕೈ ಊರಬೇಕು, ಚಿಕ್ಕ ನಾಯಿ ಆದ್ರೆ ಎತ್ಕೊಳ್ಳಿ.

ಈಗ ಲೀಶ್ ವಿಷಯ. ಮಾರ್ಚ್ 1ರಿಂದ ಜುಲೈ 31ರ ತನಕ ಈ ಥರ ಓಪನ್ ಆಕ್ಸೆಸ್ (ಯಾರು ಬೇಕಾದ್ರೂ ನಡೆದಾಡ್ಬೋದಾದ) ಜಾಗದಲ್ಲಿ 2 ಮೀಟರ್‌ಗಿಂತ ಉದ್ದ ಇಲ್ಲದ ಲೀಶಲ್ಲಿ ನಾಯಿ ಇರ್ಬೇಕು, ಕಾನೂನೇ ಹಾಗಿದೆ. ಕರ್ಲ್ಯೂ, ಲ್ಯಾಪ್‌ವಿಂಗ್, ಗ್ರೌಸ್ ಎಲ್ಲ ನೆಲದ ಮೇಲೇ ಗೂಡು ಕಟ್ಟೋವು, ನಾಯಿ ಒಂದ್ಸಲ ನುಗ್ಗಿದ್ರೆ ತಾಯಿಹಕ್ಕಿ ಎದ್ದು ಹೋಗುತ್ತೆ, ಮೊಟ್ಟೆ ತಣ್ಣಗಾದ್ರೆ ಮುಗೀತು. ಕುರಿ ಹತ್ರ ಅಂತೂ ವರ್ಷಪೂರ್ತಿ ಲೀಶೇ. "ನಮ್ಮದು ಏನೂ ಮಾಡಲ್ಲ ರೀ" ಅಂತ ನಗ್ತಾ ಬರೋರು ಇಲ್ಲೂ ಇದಾರೆ, ಅವರ ನಾಯಿ ಸಾಧುನೇ ಇರ್ಬೋದು, ಕುರಿಗೆ ಅದು ಗೊತ್ತಿರ್ಬೇಕಲ್ಲ. ಎಳೆದಾಡೋ ನಾಯಿ ಆದ್ರೆ ಹಾರ್ನೆಸ್ ಹಾಕಿ ಕರ್ಕೊಂಬನ್ನಿ. ನಾಯಿ ಬಿಟ್ಟು ಓಡಿಸಕ್ಕೆ ಜಾಗ ಬೇಕು ಅನ್ನೋರಿಗೆ ಈ ವಾಕ್ ಅಲ್ಲ.

ಹಿಗರ್ ಟಾರಿಂದ ಮದರ್ ಕ್ಯಾಪ್ ಬಂಡೆ ದಾಟಿ ಸರ್‌ಪ್ರೈಸ್ ವ್ಯೂ ಕಾರ್ ಪಾರ್ಕಿಗೆ ಇಳಿದು, ರೋಡ್ ಆಚೆ ಕೆಳಗೆ ಹೋದ್ರೆ ಬೋಲ್‌ಹಿಲ್ ಕ್ವಾರಿ. ನಾನು ಮತ್ತೆ ಮತ್ತೆ ಹೋಗೋದು ಇದಕ್ಕೇನೇ. 1901ರಿಂದ ಇಲ್ಲಿ ಕಲ್ಲು ತೆಗೆದು ಹೌಡನ್, ಡರ್ವೆಂಟ್ ಡ್ಯಾಮ್ ಕಟ್ಟಿದ್ದು, 10 ಲಕ್ಷ ಟನ್ನಿಗಿಂತ ಜಾಸ್ತಿ ಕಲ್ಲು ಹೋಗಿದೆ. (1943ರಲ್ಲಿ ಡ್ಯಾಮ್‌ಬಸ್ಟರ್ಸ್ ಪೈಲಟ್‌ಗಳು, ಅಂದ್ರೆ ಜರ್ಮನಿಯ ಡ್ಯಾಮ್ ಒಡೆದ ಬ್ರಿಟಿಷ್ ವಾಯುಪಡೆಯವ್ರು, ಪ್ರಾಕ್ಟೀಸ್ ಮಾಡಿದ್ದು ಇದೇ ಡರ್ವೆಂಟ್ ಡ್ಯಾಮ್ ಮೇಲೆ.) ಅಷ್ಟು ದೊಡ್ಡ ಗಲಾಟೆ ನಡೆದ ಜಾಗ ಈಗ ಪೂರ್ತಿ ಬರ್ಚ್ ಕಾಡು. ಬಿಳಿ ಕಾಂಡದ ಮರಗಳ ನಡುವೆ ಬೀಸೋ ಕಲ್ಲುಗಳು ಸಾಲಾಗಿ ಒರಗಿಸಿಟ್ಟಂಗೇ ಬಿದ್ದಿವೆ, ಒಂದಲ್ಲ ಎರಡಲ್ಲ, ನೂರಾರು. ಅಜ್ಜಿ ಮನೇಲಿ ರಾಗಿ ಬೀಸ್ತಿದ್ದ ಕಲ್ಲನ್ನ ರಾಕ್ಷಸರು ಮಾಡಿಸ್ಕೊಂಡಂಗಿದೆ, ಒಂದೊಂದೂ ಟನ್ ಲೆಕ್ಕದಲ್ಲಿ ತೂಗುತ್ತೆ. ಹತ್ರ ಹೋಗಿ ಪಾಚಿ ಸ್ವಲ್ಪ ಸರಿಸಿದ್ರೆ ಉಳಿ ಗೀರು ಹಾಗೇ ಕಾಣುತ್ತೆ, ಕೆಲವಕ್ಕೆ ನಡುವಿನ ತೂತು ಕೂಡ ಅರ್ಧಕ್ಕೇ ಬಿಟ್ಟಿದಾರೆ. ಜನ ಬಿಳಿ ಬ್ರೆಡ್ ಕೇಳಕ್ಕೆ ಶುರು ಮಾಡಿದ್ರು, ಇಲ್ಲಿನ ಒರಟು ಕಲ್ಲಲ್ಲಿ ಬೀಸಿದ್ರೆ ಹಿಟ್ಟು ಬೂದು ಬಣ್ಣಕ್ಕೆ ತಿರುಗ್ತಿತ್ತು, ಫ್ರಾನ್ಸಿನ ಕಲ್ಲು ಬಂತು, ಇಲ್ಲಿಯ ವ್ಯಾಪಾರ ಬಿದ್ದೋಯ್ತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್ ಆದಾಗ ಆ ಕಲ್ಲನ್ನೇ ಪಾರ್ಕಿನ ಗುರುತು ಮಾಡ್ಕೊಂಡ್ರು.

ನಾಯಿಗೂ ಕ್ವಾರಿನೇ ಇಷ್ಟ, ಗಾಳಿ ಕಮ್ಮಿ, ಮೂಸಿ ನೋಡಕ್ಕೆ ಬೇಕಾದಷ್ಟು. ಆದ್ರೆ ಕ್ವಾರಿ ಮೇಲಿನ ಅಂಚಿಗೆ ಬೇಲಿ ಇಲ್ಲ, ಹೆದರ್ ಗಿಡ ಮುಚ್ಕೊಂಡು ಅಂಚು ಎಲ್ಲಿ ಮುಗೀತು ಅಂತ ನಾಯಿಗೆ ಗೊತ್ತಾಗಲ್ಲ, ಅಳಿಲು ಕಂಡ್ರೆ ಹಿಂದೆ ಮುಂದೆ ನೋಡಲ್ಲ. ಮೇಲೆ ನಡೀವಾಗ ಲೀಶ್ ಗಿಡ್ಡ ಮಾಡ್ಕೊಳ್ಳಿ, ಕೆಳಗಿನ ದಾರಿ ನಿರಾಳ. ಕೊನೇಲಿ ಕಲ್ಲಿನ ವ್ಯಾಗನ್ನುಗಳನ್ನ ರೈಲ್ವೇ ಲೈನಿಗೆ ಇಳಿಸ್ತಿದ್ದ ಹಳೇ ಇಳಿಜಾರಲ್ಲೇ ನಾವೂ ಇಳಿಯೋದು. ನೇರ, ಕಡಿದು, ಮಂಡಿ ನೋವಿರೋರು ಕೋಲು ತನ್ನಿ, ನಮ್ಮ ಮನೆಯವ್ರು ಇಲ್ಲಿ ಮಾತ್ರ ಬೆಲ್ಲನ್ನ ನನ್ನ ಕೈಗೆ ಕೊಟ್ಬಿಡ್ತಾರೆ.

ನಾಲ್ಕೈದು ಗಂಟೆ ಇಟ್ಕೊಳ್ಳಿ, ಮೂರ್ ಮೇಲೆ ಅಂಗಡಿ ಗಿಂಗಡಿ ಏನೂ ಇಲ್ಲ, ತಿಂಡಿ ಕಟ್ಕೊಂಡು ಹೋಗಿ. ಮನೆಗೆ ಬಂದ್ಮೇಲೆ ನಾಯಿ ಕಿವಿ ಹಿಂದೆ, ಬೆರಳ ಸಂದೀಲಿ ಉಣ್ಣಿ (ರಕ್ತ ಹೀರೋ ಹುಳ, ಟಿಕ್) ಹತ್ತಿದೆಯಾ ನೋಡಿ, ಬ್ರ್ಯಾಕನ್ ಅನ್ನೋ ಜರಿಗಿಡದ ಒಳಗೆ ಓಡಾಡಿದ್ರೆ ಹತ್ತೇ ಹತ್ತುತ್ತೆ. ಇನ್ನು ಅರ್ಧ ಸ್ಟಾರ್ ಯಾಕೆ ಕಟ್ ಅಂದ್ರೆ, ನಾಯಿ ಕಕ್ಕನ ನೀಟಾಗಿ ಕವರಿಗೆ ತುಂಬಿ, ಗಂಟು ಹಾಕಿ, ಬರ್ಚ್ ಕೊಂಬೆಗೆ ನೇತಾಕಿ ಹೋಗೋ ಮಹಾನುಭಾವರು ಇದಾರಲ್ಲ, ಅವರಿಗೋಸ್ಕರ.