ದುಡ್ಡು ಕಟ್ಟಿ ತಗೊಂಡ ಸೈಟೇಷನ್ ಅಲರ್ಟ್: ನಂಬಬಹುದಾ?

ಐದರಲ್ಲಿ ಎರಡು ಸ್ಟಾರ್. ಅದರಲ್ಲೂ ಒಂದು, ಪಿಡಿಎಫ್‌ಗಳು ಸಲೀಸಾಗಿ ಇಳಿಯುತ್ತವೆ ಅನ್ನುವುದಕ್ಕೆ.

ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮೆಕ್ಕೆಜೋಳದ ಬೆಲೆ, ಎಪಿಎಂಸಿಗೆ ಬರುವ ಆವಕ, ಇಂಥವುಗಳ ಮೇಲೆ ಒಂದಷ್ಟು ಪೇಪರ್ ಬರೆದಿದ್ದೇನೆ. ಅವನ್ನು ಸಂಶೋಧಕರು ಸೇರುವ ಒಂದು ಜಾಲತಾಣಕ್ಕೆ ಹಾಕಿ, ಯಾರಾದರೂ ತಮ್ಮ ಬರಹದಲ್ಲಿ ನಮ್ಮ ಪೇಪರ್ ಉಲ್ಲೇಖಿಸಿದರೆ ಮೇಲ್ ಮಾಡಿ ತಿಳಿಸುವ ಸೈಟೇಷನ್ ಅಲರ್ಟಿಗೆ ಅಲ್ಲೇ ದುಡ್ಡು ಕಟ್ಟಿದೆ. ಒಂದು ಸಲ ರಿನ್ಯೂ ಕೂಡ ಮಾಡಿಸಿದೆ. ತಾಣದ ಹೆಸರು ಬೇಡ ಬಿಡಿ.

ಉಚಿತ ಖಾತೆ ಇದ್ದಾಗ ಮೇಲ್ ಹೀಗೆ ಬರುತ್ತಿತ್ತು: ‘ನಿಮ್ಮ ಹೆಸರು ಒಂದು ಹೊಸ ಪೇಪರಿನಲ್ಲಿ ಸಿಕ್ಕಿದೆ.’ ಯಾವ ಪೇಪರ್, ಯಾರು ಬರೆದದ್ದು, ಏನೂ ಇಲ್ಲ. ಒತ್ತಿದರೆ ಸಾಲುಗಳೆಲ್ಲ ಮಸುಕು, ಕೆಳಗೆ ದುಡ್ಡು ಕಟ್ಟುವ ಬಟನ್. ಪ್ರಮೋಷನ್ ಫೈಲ್ ರೆಡಿ ಮಾಡುವ ಕಾಲ ಅದು. ಯಾರಾದರೂ ನಮ್ಮ ಪೇಪರ್ ಬಳಸಿಕೊಂಡಿದ್ದರೆ ಗೊತ್ತಾಗಲಿ ಅಲ್ವಾ?

ಮಸುಕು ಸರಿದ ಮೇಲೆ ಮೊದಲು ಕಂಡದ್ದು ಹಲ್ಲಿನ ಡಾಕ್ಟರುಗಳ ಒಂದು ಕೇಸ್ ರಿಪೋರ್ಟ್. ಲೇಖಕರ ಸಾಲಿನಲ್ಲಿ ಮೂರನೆಯವರದ್ದು ನನ್ನದೇ ಹೆಸರು, ನನ್ನದೇ ಇನಿಷಿಯಲ್. ಆಮೇಲೆ ಬಂದದ್ದು ಕಾಂಕ್ರೀಟಿನ ಬಗ್ಗೆ. ಅದರ ಕೊನೆಯ ಪುಟದಲ್ಲಿ ಲ್ಯಾಬ್ ಅಸಿಸ್ಟೆಂಟ್‌ಗೆ ಥ್ಯಾಂಕ್ಸ್ ಹೇಳಿದ್ದರು. ಆ ಪುಣ್ಯಾತ್ಮನಿಗೂ ನನ್ನ ಹೆಸರೇ! ‘ಇದು ನಾನಲ್ಲ’ ಅಂತ ಒತ್ತಲು ಒಂದು ಜಾಗ ಇದೆ. ಒತ್ತುತ್ತಾ ಹೋದೆ. ಸ್ವಲ್ಪ ದಿನ ಸುಮ್ಮನಿದ್ದು, ಅದೇ ಡಾಕ್ಟರರ ಹೊಸ ಪೇಪರ್ ಹಿಡಿದುಕೊಂಡು ಮತ್ತೆ ಬರುತ್ತಿತ್ತು.

ಯಾಕೆ ಹೀಗೆ ಅಂದರೆ, ನಾನು ಕಂಡ ಮಟ್ಟಿಗೆ ಈ ಅಲರ್ಟ್ ಹುಡುಕುವುದು ಹೆಸರಿನ ಅಕ್ಷರಗಳನ್ನು. ನಿಮ್ಮ ಪೇಪರನ್ನಲ್ಲ. ಅಪರೂಪದ ಮನೆತನದ ಹೆಸರು ಇರುವವರಿಗೆ ಇದು ನಡೆದೀತು. ನಮ್ಮ ಕಡೆ ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್, ಅಷ್ಟೇ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಅಜ್ಜಯ್ಯನ ದಯೆಯಿಂದ ಚಿತ್ರದುರ್ಗದ ಕಡೆ ಕೇರಿಗೊಬ್ಬ ತಿಪ್ಪೇಸ್ವಾಮಿ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ‘ಮಂಜುನಾಥಾ’ ಅಂತ ಕೂಗಿ ನೋಡಿ, ಎಷ್ಟು ಜನ ತಿರುಗುತ್ತಾರೆ. ಇದರ ಮೇಲೆ ಜರ್ನಲ್‌ನವರ ಕಾಟ ಬೇರೆ. ಒಬ್ಬರು ಇನಿಷಿಯಲ್ ಹಿಂದೆ ಹಾಕುತ್ತಾರೆ, ಇನ್ನೊಬ್ಬರು ಮುಂದೆ, ಮತ್ತೊಬ್ಬರು ಅದನ್ನೇ ಮನೆತನದ ಹೆಸರು ಮಾಡಿಬಿಡುತ್ತಾರೆ. ಹಾಗಾಗಿ ಒಬ್ಬ ತಿಪ್ಪೇಸ್ವಾಮಿ ಮೂರು ಜನ ಆಗುತ್ತಾನೆ, ಹತ್ತು ಜನ ತಿಪ್ಪೇಸ್ವಾಮಿಗಳು ಸೇರಿ ಒಬ್ಬನಾಗುತ್ತಾರೆ. ಓರ್ಕಿಡ್ ಅನ್ನುವ, ಸಂಶೋಧಕರಿಗೆ ಕೊಡುವ 16 ಅಂಕಿಯ ಗುರುತಿನ ನಂಬರ್ 2012ರಲ್ಲಿ ಶುರುವಾದದ್ದೇ ಈ ಗೋಳು ತಪ್ಪಿಸಲು. ಅದಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ಇಲ್ಲದವರು ಮೊದಲು ಅದನ್ನು ಮಾಡಿಸಿಕೊಳ್ಳಿ.

ನಿಜವಾದ ಸೈಟೇಷನ್ ಲೆಕ್ಕ ಪೇಪರಿನ ಮೇಲೆ ನಿಂತಿರುತ್ತದೆ. ಹೊಸ ಪೇಪರಿನ ಕೊನೆಯ ಗ್ರಂಥಋಣದಲ್ಲಿ ನಿಮ್ಮ ಶೀರ್ಷಿಕೆ ಇದೆಯಾ, ಡಿಒಐ (ಪೇಪರಿಗೆ ಕೊಡುವ ಗುರುತಿನ ಸಂಖ್ಯೆ) ಹೊಂದುತ್ತದಾ ಅಂತ ನೋಡಬೇಕು. ಪ್ರಕಾಶಕರು ಆ ಪಟ್ಟಿಯನ್ನು, ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಗೆ ಕೊಟ್ಟಿದ್ದರೆ ಜೋಡಣೆ ತಾನಾಗಿಯೇ ಆಗುತ್ತದೆ. ನಮ್ಮಲ್ಲಿನ ಎಷ್ಟೋ ಸಣ್ಣ ಜರ್ನಲ್‌ಗಳಿಗೆ ಡಿಒಐ ಇರುವುದೇ ಇಲ್ಲ. ಹಾಗಾಗಿ ನಾನು ಪ್ರತಿ ಅಲರ್ಟಿಗೂ ಫೈಲ್ ತೆರೆದು, ಕಂಟ್ರೋಲ್ ಎಫ್ ಒತ್ತಿ, ನನ್ನ ಶೀರ್ಷಿಕೆಯ ಎರಡು ಪದ ಹಾಕಿ ಹುಡುಕುತ್ತಿದ್ದೆ. ಸಿಕ್ಕರೆ ಸೈಟೇಷನ್, ಇಲ್ಲದಿದ್ದರೆ ಕಸ. ಬಹುಪಾಲು ಕಸವೇ. ದುಡ್ಡು ಕೊಟ್ಟ ಮೇಲೂ ಈ ಕೆಲಸ ನಾವೇ ಮಾಡಬೇಕು ಅಂದರೆ ಹೇಗೆ?

ಒಂದು ಒಳ್ಳೆಯದೂ ಆಗಿದೆ, ಅದನ್ನು ಮುಚ್ಚಿಡಬಾರದು. ಬೇರೆ ರಾಜ್ಯದ ಒಬ್ಬರ ಥೀಸಿಸ್‌ನಲ್ಲಿ ನನ್ನ ಬೆಲೆ ಏರಿಳಿತದ ಟೇಬಲ್ ಪೂರ್ತಿ ಬಳಸಿದ್ದರು, ಹೆಸರು ಹಾಕಿಯೇ. ಅದು ಇನ್ನೆಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎರಡನೇ ಸ್ಟಾರ್ ಅದಕ್ಕೆ.

ಹೋಲಿಕೆಗೆ, ಸಂಶೋಧನಾ ಪೇಪರ್ ಹುಡುಕುವ ಗೂಗಲ್ ಸ್ಕಾಲರ್. 2004ರಿಂದ ಇದೆ, ಉಚಿತ. ಪ್ರೊಫೈಲ್ ಮಾಡಿ, ‘ಫಾಲೋ’ ಒತ್ತಿ, ನಿಮ್ಮ ಪೇಪರ್‌ಗಳಿಗೆ ಬರುವ ಹೊಸ ಸೈಟೇಷನ್ ಆಯ್ದುಕೊಂಡರೆ ಮೇಲ್ ಬರುತ್ತದೆ. ಯಾರ ಪೇಪರ್ ಅಂತಲೂ ಅದರಲ್ಲೇ ಇರುತ್ತದೆ, ಮಸುಕು ಗಿಸುಕು ಇಲ್ಲ. ಇದೂ ಅಪ್ಪಟ ಚಿನ್ನ ಅಲ್ಲ. ಕಂಡವರ ಪೇಪರನ್ನು ನಿಮ್ಮ ಪ್ರೊಫೈಲಿಗೆ ತಾನೇ ಸೇರಿಸಿಬಿಡುತ್ತದೆ. ಸೆಟ್ಟಿಂಗ್‌ನಲ್ಲಿ ‘ಮೊದಲು ನನಗೆ ಮೇಲ್ ಮಾಡು’ ಅನ್ನುವುದನ್ನು ಆರಿಸಿಕೊಳ್ಳಬೇಕು. ಒಂದೇ ಪೇಪರನ್ನು ಎರಡು ಸಲ ಎಣಿಸುತ್ತದೆ. ಕಾಸು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್‌ಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದರೂ ಅದು ನೋಡುವುದು ಗ್ರಂಥಋಣವನ್ನು. ಹಲ್ಲಿನ ಡಾಕ್ಟರು ಅಲ್ಲಿಂದ ಒಮ್ಮೆಯೂ ನನ್ನ ಬಾಗಿಲಿಗೆ ಬಂದಿಲ್ಲ.

ಪ್ರಮೋಷನ್ ಫೈಲಿನ ಕಥೆ ಚಿಕ್ಕದು. ದುಡ್ಡು ಕೊಟ್ಟ ತಾಣದ ಪ್ರಿಂಟ್‌ಔಟ್ ಒಯ್ದು ಕೊಟ್ಟರೆ ಕಮಿಟಿಯವರು ಪಕ್ಕಕ್ಕಿಟ್ಟು, ‘ಸ್ಕೋಪಸ್ ಏನ್ ಹೇಳ್ತದ್ರೀ?’ ಅಂದರು. ಸರಿಯಾಗೇ ಕೇಳಿದರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೆಲಸದಲ್ಲೂ ವಿಶ್ವವಿದ್ಯಾಲಯಗಳು ನೋಡುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಇಂಥ ಸೈಟೇಷನ್ ಲೆಕ್ಕ ಇಡುವ ತಾಣಗಳನ್ನೇ.

ಕನ್ನಡದಲ್ಲಿ ಬರೆಯುವವರಂತೂ ಇದಕ್ಕೆ ಕೈಯೇ ಹಾಕಬೇಡಿ. ಚಿತ್ರದುರ್ಗದಲ್ಲಿ ಇತಿಹಾಸದ ಮೇಷ್ಟ್ರೊಬ್ಬರು ನನಗೆ ಗೆಳೆಯರು. ಚಂದ್ರವಳ್ಳಿ, ಬ್ರಹ್ಮಗಿರಿ ಅಂತ ಹಳೆಯ ನೆಲೆಗಳಲ್ಲಿ ಓಡಾಡಿಕೊಂಡು ಕನ್ನಡದಲ್ಲೇ ಬರೆಯುತ್ತಾರೆ. ಈ ಎರಡೂ ಕಡೆ 1947ರಲ್ಲಿ ಅಗೆಸಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬರೆದ ಇಂಗ್ಲಿಷ್ ವರದಿಗೆ ಎಲ್ಲ ಕಡೆ ಸೈಟೇಷನ್ ಕಾಣುತ್ತದೆ. ನಮ್ಮ ಮೇಷ್ಟ್ರ ಲೇಖನ ಕನ್ನಡ ಪುಸ್ತಕಗಳ ಅಡಿಟಿಪ್ಪಣಿಯಲ್ಲಿದೆ. ಅದು ಇಂಟರ್ನೆಟ್ಟಿಗೇ ಬಂದಿಲ್ಲ ಅಂದಮೇಲೆ ಯಾವ ಅಲರ್ಟಿಗೆ ಸಿಕ್ಕೀತು? ಮೇಷ್ಟ್ರು ಮಾತ್ರ, ‘ನಂದು ಸೈಟೇಷನ್ ಫೋನಿನಾಗೇ ಬರ್ತದ ಬಿಡ್ರೀ. ತಪ್ಪು ಬರ್ದಿದ್ರೆ ಬೈಯಾಕಾದ್ರೂ ಮಾಡ್ತಾರೆ’ ಅನ್ನುತ್ತಾರೆ.

ರಿನ್ಯೂ ವಿಚಾರದಲ್ಲಿ ಹುಷಾರು. ದುಡ್ಡು ಡಾಲರ್ ಲೆಕ್ಕದಲ್ಲಿ ಹೋಗುತ್ತದೆ, ಬ್ಯಾಂಕಿನವರ ವಿನಿಮಯದ ಖರ್ಚು ಬೇರೆ. ತಾಣದಲ್ಲಿ ನಿಲ್ಲಿಸುವ ಬಟನ್ ಹುಡುಕುವಷ್ಟರಲ್ಲಿ ಸಾಕುಸಾಕಾಯಿತು. 2021ರ ಅಕ್ಟೋಬರ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಕಾರ್ಡಿನಿಂದ ಹೀಗೆ ತಾನಾಗಿ ದುಡ್ಡು ಕಡಿತವಾಗುವ ಮೊದಲು, ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕ್ ನಿಮಗೆ ತಿಳಿಸಬೇಕು. ನನಗೂ ಎಸ್‌ಎಂಎಸ್ ಬಂತು. ಇಷ್ಟು ದಿನದಲ್ಲಿ ಬಂದ ಅಲರ್ಟ್‌ಗಳಲ್ಲಿ ನೂರಕ್ಕೆ ನೂರು ಸರಿಯಾಗಿದ್ದದ್ದು ಅದೊಂದೇ! ಹೀಗೆ ಕಡಿತ ಮಾಡಲು ಕೊಟ್ಟಿದ್ದ ಒಪ್ಪಿಗೆಯನ್ನು (ಮ್ಯಾಂಡೇಟ್) ಬ್ಯಾಂಕಿನ ಕಡೆಯಿಂದಲೇ ರದ್ದು ಮಾಡಿಸಿದೆ.

ನಿಲ್ಲಿಸಿದ ಮೇಲೆ ತಾಣಕ್ಕೆ ನನ್ನ ಮೇಲೆ ಪ್ರೀತಿ ಜಾಸ್ತಿಯಾಗಿದೆ. ನನ್ನ ಹೆಸರು ಸಿಕ್ಕಿದೆ ಅನ್ನುವ ಮೇಲ್ ಮೊದಲಿಗಿಂತ ಹೆಚ್ಚು ಬರುತ್ತಿದ್ದವು. ಖಾತೆ ತೆಗೆದಿಲ್ಲ, ಪೇಪರ್‌ಗಳು ಅಲ್ಲೇ ಇವೆ, ಓದುವವರು ಓದಿಕೊಳ್ಳಲಿ. ಮೇಲ್ ಸೆಟ್ಟಿಂಗ್‌ಗೆ ಹೋಗಿ ಹೆಸರಿನ ಅಲರ್ಟ್ ಮಾತ್ರ ಆಫ್ ಮಾಡಿದ್ದೇನೆ.