ಲ್ಯಾಟೆಕ್ಸ್ ಕಾಂಡೋಮ್: ಯುವಕರ ಕೈಗೆ ಕೊಡುವ ಮೊದಲು

ಹದಿಹರೆಯದ ಗರ್ಭಧಾರಣೆ ತಡೆಯುವ ಬುದ್ಧಿಮಾತೆಲ್ಲ ಹುಡುಗಿಯರ ಪಾಲಿಗೇ ಬರುತ್ತದೆ. ಇದು ಸರಿಯಲ್ಲ. ಶಸ್ತ್ರಚಿಕಿತ್ಸೆಯಿಲ್ಲದೆ ಗಂಡು ತಾನೇ ಬಳಸಬಹುದಾದ, ನೆಚ್ಚಿಕೊಳ್ಳಬಹುದಾದ ಸಾಧನ ಸದ್ಯಕ್ಕೆ ಕಾಂಡೋಮ್ ಒಂದೇ. ವೀರ್ಯ ಬೀಳುವ ಮೊದಲು ಹೊರತೆಗೆದರೆ ಸಾಕೆಂದು ನಂಬಿದ ಯುವಕರು ಬಹಳ; ಅದನ್ನೇ ನೆಚ್ಚಿದ 100 ಜೋಡಿಗಳಲ್ಲಿ ವರ್ಷದೊಳಗೆ ಸುಮಾರು 20 ಗರ್ಭ ನಿಲ್ಲುತ್ತವೆ.

ಕಾಂಡೋಮ್ ಪ್ರತಿ ಸಲ, ಸರಿಯಾಗಿ ಬಳಸಿದರೆ ಈ ಸಂಖ್ಯೆ 2. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ 13. ನಡುವಿನ ಅಂತರಕ್ಕೆ ಮುಖ್ಯ ಕಾರಣ ಲ್ಯಾಟೆಕ್ಸ್ ಎಂಬ ರಬ್ಬರಲ್ಲ, ಬಳಕೆ. ಹಾಗಾಗಿ ಪೊಟ್ಟಣ ಹಂಚಿ ಕೈತೊಳೆದುಕೊಳ್ಳುವ ಕಾರ್ಯಕ್ರಮಗಳನ್ನು ನಾವು ಒಪ್ಪುವುದಿಲ್ಲ. ಮರದ ಮಾದರಿಯ ಮೇಲೆ ಪ್ರತಿಯೊಬ್ಬನಿಂದಲೂ ಹಾಕಿಸಿ, ತೆಗೆಸಿ ನೋಡಬೇಕು.

ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕ, ಐಎಸ್‌ಒ 4074 ಎಂಬ ಅಂತರರಾಷ್ಟ್ರೀಯ ಗುಣಮಟ್ಟದ ಗುರುತು ನೋಡಿ. ಚಪ್ಪಟೆಯಾಗಿ ಅಳೆದಾಗ 52ರಿಂದ 54 ಮಿ.ಮೀ. ಅಗಲ ಹೆಚ್ಚಿನವರಿಗೆ ಹೊಂದುತ್ತದೆ. ತೀರಾ ಬಿಗಿಯಾದದ್ದು ಹರಿಯುತ್ತದೆ, ಸಡಿಲವಾದದ್ದು ಜಾರುತ್ತದೆ. ವೀರ್ಯನಾಶಕ ಸವರಿದ್ದು ಬೇಡ, ಹೆಚ್ಚಿನ ರಕ್ಷಣೆಯಿಲ್ಲ, ಉರಿ ತರಬಹುದು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಶಾಖಕ್ಕೂ ಉಜ್ಜಾಟಕ್ಕೂ ದುರ್ಬಲವಾಗಿರುತ್ತದೆ.

ಪೊಟ್ಟಣ ಒತ್ತಿದಾಗ ಒಳಗೆ ಗಾಳಿಯ ಮೆತ್ತೆ ಸಿಗಬೇಕು. ಹಲ್ಲಿನಿಂದ ಕಚ್ಚದೆ ಅಂಚಿನಿಂದ ಹರಿಯಬೇಕು. ಶಿಶ್ನ ನಿಮಿರಿದ ಮೇಲೆ, ಯೋನಿಗೆ ತಾಗುವ ಮೊದಲೇ, ಕಾಂಡೋಮಿನ ತುದಿಯನ್ನು ಚಿವುಟಿ ಗಾಳಿ ತೆಗೆದು ಬುಡದವರೆಗೆ ಬಿಚ್ಚಬೇಕು. ಸುರುಳಿ ಬಿಚ್ಚಿಕೊಳ್ಳದಿದ್ದರೆ ಅದು ತಿರುಗುಮುರುಗು. ಎಷ್ಟೋ ಹುಡುಗರು ಅದನ್ನೇ ತಿರುಗಿಸಿ ಹಾಕುತ್ತಾರೆ. ಹೊರಮೈಗೆ ಆಗಲೇ ವೀರ್ಯಾಣು ತಗುಲಿರಬಹುದು, ಎಸೆದು ಹೊಸದು ತೆಗೆಯಬೇಕು. ಒಂದರ ಮೇಲೊಂದು ಹಾಕಬಾರದು. ಎಣ್ಣೆ, ಪೆಟ್ರೋಲಿಯಂ ಜೆಲ್ಲಿ, ಲೋಷನ್ ಲ್ಯಾಟೆಕ್ಸನ್ನು ನಿಮಿಷಗಳಲ್ಲೇ ಸಡಿಲಿಸುತ್ತವೆ. ನೀರು ಅಥವಾ ಸಿಲಿಕೋನ್ ಆಧಾರಿತ ಜೆಲ್ ಮಾತ್ರ ಬಳಸಿ. ಸ್ಖಲನವಾದ ಕೂಡಲೇ, ಶಿಶ್ನ ಸಡಿಲವಾಗುವ ಮೊದಲು, ಬುಡದ ಉಂಗುರ ಹಿಡಿದು ಹೊರತೆಗೆಯಬೇಕು. ಜಾರಿ ಒಳಗುಳಿಯುವುದು ಹೆಚ್ಚಾಗಿ ಇಲ್ಲೇ.

ಸಂಗಾತಿಗೆ ಹೇಳದೆ ನಡುವೆ ಕಳಚುವುದು ಅವಳ ಒಪ್ಪಿಗೆಯನ್ನೇ ಮುರಿದಂತೆ. ತರಬೇತಿಯಲ್ಲಿ ಇದನ್ನು ನೇರವಾಗಿ ಹೇಳಲೇಬೇಕು.

ಲ್ಯಾಟೆಕ್ಸ್ ಅಲರ್ಜಿ ಇರುವವರಿಗೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಕಾಂಡೋಮ್ ಇದೆ.

ಕಾಂಡೋಮ್ ಹರಿದರೆ ಏನು ಮಾಡಬೇಕೆಂಬುದು ಹುಡುಗನಿಗೂ ಬಾಯಿಪಾಠವಾಗಿರಲಿ: ಲೆವೊನಾರ್‌ಜೆಸ್ಟ್ರೆಲ್ 1.5 ಮಿ.ಗ್ರಾಂ. ಎಂಬ ತುರ್ತು ಗರ್ಭನಿರೋಧಕ ಮಾತ್ರೆಯನ್ನು ಅವಳು ಆದಷ್ಟು ಬೇಗ, 72 ಗಂಟೆಯೊಳಗೆ ತೆಗೆದುಕೊಳ್ಳಬೇಕು. ತಡವಾದಷ್ಟೂ ಪರಿಣಾಮ ಕಡಿಮೆ. 5 ದಿನದೊಳಗೆ ವೈದ್ಯರು ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ ಇನ್ನೂ ಪರಿಣಾಮಕಾರಿ. ಔಷಧಿ ಅಂಗಡಿಗೂ ಆಸ್ಪತ್ರೆಗೂ ಅವಳೊಬ್ಬಳನ್ನೇ ಕಳಿಸದೆ ಅವನೂ ಜೊತೆಗೆ ಹೋಗಬೇಕು.