ಐದು ತೂತು ಕೂತರೆ ವೀಲ್ ಕೂತಂತಲ್ಲ: ಹಳೇ ಪಿಕಪ್‌ಗೆ ಅಲಾಯ್ ಹಾಕಿಸುವ ಮೊದಲು ಓದಿ

ಹಳೇ ಮಹೀಂದ್ರಾ ಫೋರ್‌ವೀಲ್ ಡ್ರೈವ್ ಪಿಕಪ್ ಇಟ್ಟುಕೊಂಡವರು, ಮಳೆಗೆ ಡಿಸ್ಕ್ (ತಗಡಿನ ವೀಲ್) ತುಕ್ಕು ಹಿಡಿದು ಹೋಗಿದೆ, ಈ ಸಲ ಅಲಾಯ್ (ಅಲ್ಯೂಮಿನಿಯಂ ವೀಲ್) ಹಾಕಿಸಿಬಿಡೋಣ ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾಲ್ಕು ವೀಲ್‌ಗೆ 26,000 ರೂಪಾಯಿ ಕೊಟ್ಟೆ. ಹೋದದ್ದು ದುಡ್ಡು ಮಾತ್ರ, ಅದೇ ಪುಣ್ಯ. ಸಂಪಾಜೆ ಘಾಟಿಯಲ್ಲಿ ಲೋಡ್ ಇದ್ದಾಗ ಮುಂದಿನ ವೀಲ್ ಕಳಚಿಕೊಂಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಕೈ ನಡುಗುತ್ತದೆ.

ಅಂಗಡಿಯ ಹೆಸರು ಬರೆಯುವುದಿಲ್ಲ. ಅವರು ಹೇಳಿದ ಮಾತು ಮಾತ್ರ ಬರೆಯುತ್ತೇನೆ, ಬೇರೆ ಎಲ್ಲಾದರೂ ಅದೇ ಮಾತು ಕೇಳಿದರೆ ನೀವು ಹುಷಾರಾಗಬೇಕು.

"ಐದು ಬೋಲ್ಟ್, 139.7 ಪಿಸಿಡಿ. ನಿಮ್ಮದೂ ಅದೇ ಅಲ್ವಾ ಅಣ್ಣ? ಕಣ್ಣು ಮುಚ್ಚಿ ಹಾಕ್ಬಹುದು, ಕೂರ್ತದೆ."

ಪಿಸಿಡಿ ಅಂದರೆ ಬೋಲ್ಟ್‌ಗಳ ನಡುವಿನ ಮೂಲಕ ಹಾಯುವ ವೃತ್ತದ ವ್ಯಾಸ, ಮಿ.ಮೀ.ನಲ್ಲಿ. ಆ ವಿಷಯದಲ್ಲಿ ಸುಳ್ಳು ಹೇಳಲಿಲ್ಲ. ಅಕ್ಕಪಕ್ಕದ ಎರಡು ಸ್ಟಡ್‌ಗಳ (ನಟ್ ಹಾಕುವ ಬೋಲ್ಟ್) ನಡುವಿನಿಂದ ನಡುವಿಗೆ ಅಳೆದರೆ 82 ಮಿ.ಮೀ., ಅದನ್ನು 1.701ರಿಂದ ಗುಣಿಸಿದರೆ 139.5ರ ಹತ್ತಿರ. ಸರಿಯಾಗಿಯೇ ಇತ್ತು. (ಇನ್ನೋವಾ ವೀಲ್ ಆದರೆ ಈ ಅಳತೆ 67 ಬರುತ್ತದೆ, ಅದು 114.3. ಹೈಲಕ್ಸ್, ಡಿ-ಮ್ಯಾಕ್ಸ್ 139.7 ಹೌದು, ಆದರೆ ಆರು ತೂತು.) ಒಂದು ಹಿಂದಿನ ವೀಲ್ ಬಿಚ್ಚಿ, ಅಲಾಯ್ ಏರಿಸಿ, ಕೈಯಲ್ಲಿ ತಿರುಗಿಸಿ ತೋರಿಸಿದರು. ಚಂದ ಕೂತಿತು. ಮುಂದಿನದ್ದೂ ಒಂದು ಹಾಕಿ ನೋಡೋಣ ಅಂದೆ. "ಹಿಂದೆ ಕೂತ್ಮೇಲೆ ಮುಂದೆ ಕೂರದೆ ಎಲ್ಲಿಗೆ ಹೋಗ್ತದೆ ಅಣ್ಣ, ಟೀ ಕುಡ್ಕೊಂಡು ಬನ್ನಿ." ಹೋದೆ. ಮೋಸ ಹೋದದ್ದು ಅಲ್ಲೇ. ಆ ಟೀಗೇ.

ಫೋರ್‌ವೀಲ್ ಗಾಡಿಯಲ್ಲಿ ಮುಂದಿನ ಹಬ್ (ವೀಲ್ ಕೂರುವ ಮಧ್ಯದ ಭಾಗ) ಬೇರೆ, ಹಿಂದಿನದ್ದು ಬೇರೆ. ಹಿಂದೆ ಡ್ರಮ್ ಮಧ್ಯೆ ಆಕ್ಸಲ್‌ನ ಸಣ್ಣ ಗುಬುಟು ಅಷ್ಟೇ. ಮುಂದೆ ಹಬ್ ಉದ್ದಕ್ಕೆ ಹೊರಗೆ ಚಾಚಿರುತ್ತದೆ, ಬುಡದಲ್ಲಿ ದಪ್ಪ ಮೆಟ್ಟಿಲು. ಆಮೇಲೆ ವರ್ನಿಯರ್ (ಮಿಲಿಮೀಟರಿನ ಭಾಗವನ್ನೂ ಅಳೆಯುವ ಸಾಧನ) ಹಿಡಿದು ನೋಡಿದಾಗ ನಮ್ಮ ಗಾಡಿಯಲ್ಲಿ ಆ ಮೆಟ್ಟಿಲು 107.8 ಮಿ.ಮೀ., ಅಲಾಯ್‌ನ ಮಧ್ಯದ ತೂತು 106.2. ಒಂದೂವರೆ ಮಿಲಿಮೀಟರ್! ಅಷ್ಟಕ್ಕೆ ವೀಲ್ ಹಬ್‌ನ ಮುಖಕ್ಕೆ ಅಂಟಿ ಕೂರುವುದಿಲ್ಲ, ಮೆಟ್ಟಿಲಿನ ಮೇಲೆ ನಿಂತುಬಿಡುತ್ತದೆ. ಅದಕ್ಕೆ ಅವರು ಮಾಡಿದ್ದೇನು ಅಂದರೆ, ಎರಡೂ ಮುಂದಿನ ವೀಲ್ ಹಿಂದೆ 10 ಮಿ.ಮೀ. ದಪ್ಪದ ಸ್ಪೇಸರ್ (ಹಬ್‌ಗೂ ವೀಲ್‌ಗೂ ನಡುವೆ ಇಡುವ ಬಿಲ್ಲೆ) ತುರುಕಿದರು. ಹೇಳಲಿಲ್ಲ. ಬಿಲ್‌ನಲ್ಲೂ ಇಲ್ಲ.

ಸ್ಪೇಸರ್ ಇಟ್ಟರೆ ಸ್ಟಡ್ ಅಷ್ಟು ಗಿಡ್ಡ ಆದಂತೆ. ಜೊತೆಗೆ ಅಲಾಯ್ ತಗಡಿನ ಡಿಸ್ಕ್‌ಗಿಂತ ದಪ್ಪ. ನಮ್ಮದು ಅರ್ಧ ಇಂಚಿನ ಸ್ಟಡ್, ಇಂಚಿಗೆ 20 ಥ್ರೆಡ್. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ ಒಳಗೆ ಹಿಡಿಯಬೇಕು, ಅಂದರೆ 10 ಸುತ್ತು. 12 ಮಿ.ಮೀ. ಸ್ಟಡ್, 1.5 ಪಿಚ್ (ಒಂದು ಸುತ್ತಿಗೆ 1.5 ಮಿ.ಮೀ.) ಆದರೆ 8 ಸುತ್ತು. ನಮ್ಮ ಮುಂದಿನ ವೀಲ್‌ನಲ್ಲಿ ಹಿಡಿದಿದ್ದು ಐದೇ ಸುತ್ತು. ಐದು! ಅದರ ಮೇಲೆ 50 ಕಿಲೋದ 24 ಚೀಲ ಕಾಫಿ ಚೆರ್ರಿ ಹೇರಿ ಘಾಟಿ ಇಳಿದಿದ್ದೇವೆ.

50 ದಾಟಿದರೆ ಸ್ಟೇರಿಂಗ್ ನಡುಕ ಶುರು. ಫೋನ್ ಮಾಡಿದರೆ, "ಕೊಡಗಿನ ರೋಡೇ ಹಾಗಲ್ವಾ ಅಣ್ಣ, ಬ್ಯಾಲೆನ್ಸಿಂಗ್ ಮಾಡ್ಸಿ." ಮಾಡಿಸಿದೆ, ಹೋಗಲಿಲ್ಲ. ಮತ್ತೆ ಫೋನ್. "ನಟ್ ಒಂದ್ಸಲ ಟೈಟ್ ಮಾಡಿ ನೋಡಿ." ಎಡ ಮುಂದಿನ ವೀಲ್‌ನಲ್ಲಿ ಎರಡು ನಟ್ ಕೈಯಲ್ಲೇ ತಿರುಗಿದವು. ನಟ್ ಸುತ್ತ ಕಪ್ಪು ಪುಡಿ. ಅದು ರಸ್ತೆಯ ಮಣ್ಣಲ್ಲ, ಅಲಾಯ್ ತೇಯ್ದು ಉದುರಿದ ಅಲ್ಯೂಮಿನಿಯಂ. ಅಂಥ ಪುಡಿ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ. ವೀಲ್ ಬಿಚ್ಚಿದಾಗ ಸ್ಪೇಸರ್ ಕಾಲ ಬುಡಕ್ಕೆ ಬಿತ್ತು. ಆಗಲೇ ಗೊತ್ತಾದದ್ದು. ಮೆಕ್ಯಾನಿಕ್ ಮುಖ ನೋಡಲು ನಾಚಿಕೆಯಾಯಿತು.

ವೀಲ್ ಹಿಂಬದಿಯಲ್ಲಿ ಅಚ್ಚು ಬೇರೆ ಇತ್ತು: 690 ಕಿಲೋ, ಅಂದರೆ ಒಂದು ವೀಲ್ ಹೊರಬಹುದಾದ ಗರಿಷ್ಠ ಭಾರ. ಆರ್‌ಸಿಯಲ್ಲಿ ಹಿಂದಿನ ಆಕ್ಸಲ್ ತೂಕ ಬರೆದಿರುತ್ತದೆ, ಅದನ್ನು ಎರಡರಿಂದ ಭಾಗಿಸಿ. 1,700 ಇದ್ದರೆ ಒಂದು ವೀಲ್‌ಗೆ 850. 690ರ ವೀಲ್ ಕಾರಿಗೆ, ಪಿಕಪ್‌ಗೆ ಅಲ್ಲ. ಜಿಪ್ಸಿ, ಜಿಮ್ನಿ ವೀಲ್ ಕೂಡ 5×139.7 ಅಂತಲೇ ಬರುತ್ತದೆ, ಆದರೆ ಅವು ಹಗುರ ಗಾಡಿಗೆ ಮಾಡಿದ ವೀಲ್. ಲೋಡ್ ಹೊಡೆಯುವವರು ಆ ಕಡೆ ನೋಡಲೇಬೇಡಿ.

ವಾಪಸ್ ತೆಗೆದುಕೊಂಡು ಹೋದಾಗ "ಅಣ್ಣ" ಹೋಗಿ "ಸಾರ್" ಆಯಿತು. "ಫಿಟ್ ಮಾಡಿದ ಮಾಲು ವಾಪಸ್ ಇಲ್ಲ ಸಾರ್." ಸ್ಪೇಸರ್ ಯಾಕೆ ಹೇಳಲಿಲ್ಲ ಅಂದರೆ, "ಎಲ್ಲರಿಗೂ ಹಾಕ್ತೇವೆ, ಯಾರೂ ಕಂಪ್ಲೇಂಟ್ ಮಾಡಿಲ್ಲ." 690ರ ಅಚ್ಚು ತೋರಿಸಿದರೆ, "ನೀವು ಓವರ್‌ಲೋಡ್ ಹಾಕಿದ್ರೆ ನಾವೇನ್ ಮಾಡೋದು?" ಓವರ್‌ಲೋಡ್ ಅಲ್ಲ. ಆರ್‌ಸಿಯೊಳಗಿನ ಲೋಡ್. ಕೊನೆಗೆ ಹೇಳಿದ್ದು ಕೇಳಿ: "ಬೇಕಾದ್ರೆ ಮಧ್ಯದ ತೂತು ಗ್ರೈಂಡರಲ್ಲಿ ದೊಡ್ಡದು ಮಾಡಿ ಕೊಡ್ತೇನೆ." ಕೈಯಲ್ಲಿ ಗ್ರೈಂಡರ್ ಹಿಡಿದರೆ ತೂತು ದುಂಡಗೆ ಬರುವುದಿಲ್ಲ. ಒಪ್ಪಲೇಬೇಡಿ.

ಅಂಗಡಿಗೆ ಹೋಗುವಾಗ ವರ್ನಿಯರ್ ಜೇಬಲ್ಲಿರಲಿ. ಮುಂದಿನ ಹಬ್‌ನ ಬುಡ ಅಳೆಯಿರಿ, ವೀಲ್ ತೂತು ಅದಕ್ಕಿಂತ ಸ್ವಲ್ಪ ದೊಡ್ಡದಿರಬೇಕು. ಮೊದಲು ಮುಂದಿನದ್ದನ್ನೇ ಹಾಕಿಸಿ. ನಟ್ ಕೈಯಲ್ಲೇ ತಿರುಗಿಸಿ, ಸುತ್ತು ಎಣಿಸಿ. ನಟ್ ಕೂರುವ ಜಾಗ ಕೋನ್ ಆಕಾರವೋ ಉಂಡೆ ಆಕಾರವೋ ನೋಡಿ, ನಟ್ ಕೂಡ ಅದೇ ಆಕಾರದ್ದಿರಬೇಕು. ಆಫ್‌ಸೆಟ್ ಕೇಳಿ, ಅಂದರೆ ಹಬ್‌ಗೆ ಅಂಟುವ ಮುಖ ವೀಲ್ ಅಗಲದ ನಟ್ಟನಡುವಿನಿಂದ ಎಷ್ಟು ಮಿ.ಮೀ. ಹೊರಗಡೆಗಿದೆ ಅಂತ. ನಮ್ಮ ಹಳೇ ಡಿಸ್ಕ್ 6 ಇಂಚು ಅಗಲ, ಆಫ್‌ಸೆಟ್ 20. ಇವರು ಕೊಟ್ಟದ್ದು 7 ಇಂಚು, ಸೊನ್ನೆ ಆಫ್‌ಸೆಟ್. ಹೊರ ಅಂಚು 33 ಮಿ.ಮೀ. ಆಚೆ ಹೋಯಿತು, ಮುಂದೆ ಸ್ಪೇಸರ್ ಸೇರಿ 43. ಬೇರಿಂಗ್ ಮೇಲೆ ಅಷ್ಟೂ ಭಾರ, ಕೆಸರೆಲ್ಲ ಬಾಗಿಲ ಮೇಲೆ. ಹಾಕಿಸಿದ ಮೇಲೆ 50–100 ಕಿ.ಮೀ. ಓಡಿಸಿ ನಟ್ ಮತ್ತೆ ಟಾರ್ಕ್ ರೆಂಚಲ್ಲಿ (ಬಿಗಿ ಅಳೆಯುವ ಸ್ಪ್ಯಾನರ್) ನೋಡಿ. ಹಳೇ ನಟ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಸ್ಟೆಪ್ನಿ ತಗಡಿನ ಡಿಸ್ಕ್ ಆದರೆ ಅದಕ್ಕೆ ಅವೇ ಬೇಕು.

ನಾವು ಈಗ ಗುಜರಿಯಿಂದ ಕಂಪನಿ ಡಿಸ್ಕ್ ನಾಲ್ಕು ತಂದಿದ್ದೇವೆ, ಸ್ಟಡ್ ತೂತಿನ ಸುತ್ತ ಬಿರುಕಿಲ್ಲ, ತೂತು ಮೊಟ್ಟೆಯಾಕಾರ ಆಗಿಲ್ಲ ಅಂತ ತಂತಿ ಬ್ರಶ್ಶಲ್ಲಿ ಉಜ್ಜಿ ನೋಡಿದ ಮೇಲೆ. ಮುಂದಿನ ಹತ್ತು ಸ್ಟಡ್ಡೂ ಹೊಸತು. ಆ ಅಲಾಯ್‌ಗಳು ಗೋಡೌನಲ್ಲಿ ಬಿದ್ದಿವೆ. ಕಡಿಮೆಗೆ ಕೊಡ್ತೀರಾ ಅಂತ ಆಗಲೇ ಇಬ್ಬರು ಕೇಳಿದರು. ಕೊಡುವುದಿಲ್ಲ.